ಮಂಗಳಸಂಧಿ: ಪೌಂಡು, ನ್ಯೂಟನ್ನುಗಳ ವ್ಯಾಕರಣ ವಿಚಾರ

ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಮೂರೂ ಒಂದೇ ಪ್ರಯೋಗದಲ್ಲಿ ಘಟಿಸಿದ ಉದಾಹರಣೆ ಹಳಗನ್ನಡದಲ್ಲೂ ಇಲ್ಲವೆಂಬುದು ಪ್ರಬಂಧಕಾರನ ದೃಢಮತ. (ಹಳಗನ್ನಡ ಪೂರ್ತಿ ಓದಿಲ್ಲ, ಅದು ಬೇರೆ ಮಾತು.) ಅಂಥ ಉದಾಹರಣೆ ಸಿಕ್ಕಿದ್ದು ಅಮೆರಿಕದಲ್ಲಿ, ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಮಂಗಳನೌಕೆಯಲ್ಲಿ.

ಪೂರ್ವಪದ ಡೆನ್ವರ್, ಅಲ್ಲಿ ಲಾಕ್‌ಹೀಡ್ ಮಾರ್ಟಿನ್ ನೌಕೆ ಕಟ್ಟಿತು. ಉತ್ತರಪದ ಪ್ಯಾಸಡೀನ, ಅಲ್ಲಿ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಅದರ ದಾರಿ ಲೆಕ್ಕ ಹಾಕಿತು. 1998ರ ಡಿಸೆಂಬರ್ 11ರಂದು ಹೊರಟ ನೌಕೆಗೆ ಸೌರಫಲಕ ಒಂದೇ ಮಗ್ಗುಲಿಗೆ, ಒಂದೇ ತುದಿಗೆ ಕೊಡ ಕಟ್ಟಿದ ಅಡ್ಡೆಯ ಹಾಗೆ. ಬಿಸಿಲಿನ ಒತ್ತಡಕ್ಕೆ ನೌಕೆ ವಾಲುವುದು, ಒಳಗಿನ ಚಕ್ರಗಳು ತಿರುಗಿ ತಡೆಯುವುದು, ಆ ಚಕ್ರಗಳ ವೇಗ ಇಳಿಸಲು ಪುಟ್ಟ ಥ್ರಸ್ಟರುಗಳು ಫುಸ್ ಎನ್ನುವುದು. ಇದು ನಡೆದದ್ದು ಎಣಿಸಿದ್ದಕ್ಕಿಂತ 10ರಿಂದ 14 ಪಟ್ಟು ಹೆಚ್ಚು ಸಲ.

ಪ್ರತಿ ಫುಸ್ಸಿನ ಲೆಕ್ಕವನ್ನೂ ಲಾಕ್‌ಹೀಡಿನ ತಂತ್ರಾಂಶ ಪೌಂಡ್-ಸೆಕೆಂಡಿನಲ್ಲಿ ಬರೆಯಿತು. ಲ್ಯಾಬೊರೇಟರಿ ನ್ಯೂಟನ್-ಸೆಕೆಂಡ್ ಎಂದು ಓದಿತು. ಕರಾರಿನ ಕಾಗದವೂ ಹಾಗೆಯೇ ಹೇಳಿತ್ತೆನ್ನಿ. ಪೌಂಡಿನ ಜಾಗಕ್ಕೆ ನ್ಯೂಟನ್ ಬಂದದ್ದರಿಂದ ಇದು ಆದೇಶಸಂಧಿ. ಮಳೆ + ಕಾಲ = ಮಳೆಗಾಲ ಎಂದಾಗಲೂ ಕಕಾರ ಹೋಗಿ ಗಕಾರ ಬರುತ್ತದೆ, ಆದರೆ ಮಳೆ ನಿಲ್ಲುವುದಿಲ್ಲ.

ಇಲ್ಲಿ ಎದುರುಪಕ್ಷದವರ ತಕರಾರು: ‘ಬಿದ್ದುಹೋದದ್ದು 4.45 ಎಂಬ ಗುಣಕ. ಆದ್ದರಿಂದ ಇದು ಲೋಪ.’ ತೆಗೆದುಹಾಕುವಂಥ ವಾದವಲ್ಲ. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ನಮ್ಮ ಹಿರಿಯರು ಕಾಲುಭಾಗದ ವ್ಯತ್ಯಾಸಕ್ಕೇ ಸೇರಿಗೆ ಸವ್ವಾಸೇರು ಎಂದು ಗಾದೆ ಕಟ್ಟಿದರು. ಸೇರಿಗೆ ನಾಲ್ಕೂವರೆ ಸೇರು ಬಂದರೆ ಏನನ್ನಬೇಕೆಂದು ಹೇಳಿಹೋಗಲಿಲ್ಲ.

ಉಳಿದದ್ದು ಆಗಮ. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳನಿಗೆ ಆಗಮಿಸಿತು, ಸುಳ್ಳಲ್ಲ. ಹಾಯಬೇಕಿದ್ದ ಎತ್ತರ 226 ಕಿಲೋಮೀಟರ್. ಬದುಕಿ ಉಳಿಯಲು 80 ಆದರೂ ಬೇಕಿತ್ತು. ಆ ತಪ್ಪು ಲೆಕ್ಕದಿಂದ ಹಾದದ್ದು 57ರ ಆಸುಪಾಸಿನಲ್ಲಿ. ಆಗಮವಾದ ಕೂಡಲೇ ಲೋಪ. ಸ್ವರ ಮಾತ್ರವಲ್ಲ, ಪದವೇ ಹೋಯಿತು. ಎರಡೂ ಪಕ್ಷದವರು ತಾವೇ ಗೆದ್ದೆವೆಂದು ಕಾಫಿಗೆ ಎದ್ದರು.

ಒಂದು ಉಪಪ್ರಮೇಯ ಬಾಕಿಯಿದೆ. ಗ್ರಹದ ಮರೆಗೆ ಸರಿಯುವಾಗ ನೌಕೆಯ ಸಂಕೇತ ನಿಲ್ಲುವುದು ಸಹಜ. ಆದರೆ ನಿಂತದ್ದು ನಿರೀಕ್ಷೆಗಿಂತ 49 ಸೆಕೆಂಡು ಮುಂಚೆ. ಕನ್ನಡ ವರ್ಣಮಾಲೆಯ ಅಕ್ಷರಗಳೂ 49. ಕಾಕತಾಳೀಯ ಎನ್ನುವವರು ಅಕಾರದಿಂದ ಳಕಾರದವರೆಗೆ ಸೆಕೆಂಡಿಗೊಂದರಂತೆ ಜೋರಾಗಿ ಹೇಳಿ ನೋಡಲಿ.