ಜೋಗನ್ಯಾಯ: ಮಂಜಿನ ಹಿಂದಿನ ಜಲಪಾತವನ್ನು ಕುರಿತ ಒಂದು ಪ್ರಮಾಣ ಜಿಜ್ಞಾಸೆ

ವಿಷಯ ಪ್ರವೇಶ

ಕನ್ನಡಿಗರಲ್ಲಿ ಎರಡು ಪಂಥಗಳು ಪ್ರಸಿದ್ಧ. ಒಂದು, ಜೋಗ ನೋಡಿದವರದು. ಇನ್ನೊಂದು, ‘ಒಂದ್ಸಲ ಹೋಗ್ಬೇಕು ಕಣೋ’ ಎನ್ನುವವರದು. ಈವರೆಗೆ ಪಂಡಿತರ ಕಣ್ಣಿಗೆ ಬೀಳದ ಮೂರನೆಯ ಪಂಥವೊಂದಿದೆ: ಜೋಗಕ್ಕೆ ಹೋಗಿ, ಟಿಕೆಟ್ ತೆಗೆದುಕೊಂಡು, ನೆನೆದು, ಬಜ್ಜಿ ತಿಂದು, ವಾಪಸು ಬಂದರೂ ‘ನೋಡಿದೆವು’ ಎಂದು ಆಣೆ ಮಾಡಿ ಹೇಳಲಾರದವರದು. ಪ್ರಸ್ತುತ ಸಂಶೋಧಕನು ಈ ಪಂಥದ ಅನುಯಾಯಿ. ಜೊತೆಗಿದ್ದ ವಿದ್ವಾಂಸರು ಮೂವರು, ಎಲ್ಲರೂ ಕಾಲೇಜಿನ ಗೆಳೆಯರು. ಗೌರವಾರ್ಥವಾಗಿ ಅವರನ್ನು ಇಲ್ಲಿ ಮೇಷ್ಟ್ರು, ಡಾಕ್ಟ್ರು, ಬ್ಯಾಂಕು ಎಂದು ಕರೆಯಲಾಗಿದೆ.

ಪೂರ್ವಸೂರಿಗಳು

1992ರ ‘ಜೀವನ ಚೈತ್ರ’ದಲ್ಲಿ ಡಾ. ರಾಜ್‌ಕುಮಾರ್ ಜೋಗವನ್ನು ಹಾಡಿದ ಮೇಲೆ ಜೋಗ ನೋಡದೆ ಬದುಕುವುದು ಕನ್ನಡಿಗನ ತಲೆಯ ಮೇಲಿನ ತೀರದ ಸಾಲವಾಯಿತು. 2006ರ ‘ಮುಂಗಾರು ಮಳೆ’ ಆ ಸಾಲಕ್ಕೆ ಬಡ್ಡಿ ಸೇರಿಸಿತು. ಎರಡೂ ಆಕರಗಳು ಶ್ರೇಷ್ಠವೇ. ಆದರೆ ಮಳೆಗಾಲದ ಜೋಗದಲ್ಲಿ ನೀರಿನಷ್ಟೇ ಧಾರಾಳವಾಗಿ ಮಂಜೂ ಇರುತ್ತದೆಂಬ ಬಗ್ಗೆ ಎರಡೂ ಜಾಣ ಮೌನ ತಾಳಿವೆ.

ಪ್ರಯಾಣದ ಪ್ರಾಗಭಾವ

ಒಂದು ವಸ್ತು ಹುಟ್ಟುವ ಮುಂಚೆ ಇರುವ ಅದರ ಇಲ್ಲದಿರುವಿಕೆಯನ್ನು ನೈಯಾಯಿಕರು ಪ್ರಾಗಭಾವ ಎನ್ನುತ್ತಾರೆ. ಅದಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಉಂಟು. ನಮ್ಮ ಪ್ರವಾಸದ ಪ್ರಾಗಭಾವವೂ ಹಾಗೆಯೇ. ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ‘ಜೋಗ ಈ ಸಲ ಪಕ್ಕಾ’ ಎಂಬ ವಾಟ್ಸ್ಆ್ಯಪ್ ಗುಂಪು ಇದ್ದದ್ದಂತೂ ನಿಜ. ಇಲ್ಲಿನ ‘ಪಕ್ಕಾ’ ಎಂಬ ಪದಕ್ಕೆ ಲಕ್ಷಣ ಹೇಳುವಾಗ ಅಸಂಭವ ದೋಷ ಬರುತ್ತದೆ. ಒಂದು ವರ್ಷ ಮೇಷ್ಟ್ರಿಗೆ ಮೌಲ್ಯಮಾಪನ, ಮರುವರ್ಷ ಬ್ಯಾಂಕಿಗೆ ಆಡಿಟ್, ಅದರ ಮರುವರ್ಷ ಡಾಕ್ಟ್ರ ಮೈದುನನ ಮದುವೆ. ಪ್ರತಿ ಸಲವೂ ನಾಲ್ವರೂ ಹೆಬ್ಬೆರಳು ಎತ್ತಿ ‘ಡನ್’ ಎಂದದ್ದಕ್ಕೆ ದಾಖಲೆಯಿದೆ. ಹತ್ತು ವರ್ಷಗಳ ಹೆಬ್ಬೆರಳುಗಳನ್ನು ಒಟ್ಟು ಮಾಡಿದ್ದರೆ ಒಂದು ಬಸ್ಸು ತಳ್ಳಬಹುದಿತ್ತು.

ಕೊನೆಗೊಂದು ಆಗಸ್ಟ್ ತಿಂಗಳಲ್ಲಿ ಪ್ರಾಗಭಾವ ನಾಶವಾಯಿತು. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ತಿಪಟೂರಿನಲ್ಲಿ ಎಳನೀರು, ಶಿವಮೊಗ್ಗದಲ್ಲಿ ಜಗಳ, ಸಾಗರದಲ್ಲಿ ರಾಜಿ. ತಾಳಗುಪ್ಪ ದಾಟುವಾಗ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಇದನ್ನು ಭಕ್ತಿ ಎನ್ನಬೇಕೋ ವಾಂತಿಯ ಪೂರ್ವಲಕ್ಷಣ ಎನ್ನಬೇಕೋ ಎಂಬ ವಿಷಯದಲ್ಲಿ ಡಾಕ್ಟ್ರಿಗೂ ನನಗೂ ಇಂದಿಗೂ ಭಿನ್ನಾಭಿಪ್ರಾಯವಿದೆ.

ಉಭಯಸಂಕಟ ನಿರೂಪಣೆ

ಈಗ ಮೂಲ ಸಮಸ್ಯೆಗೆ ಬರೋಣ. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರು, ಅಂದರೆ 830 ಅಡಿ ಧುಮುಕುತ್ತಾಳೆ. ಆದರೆ ಅದಕ್ಕೂ ಮೊದಲೇ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಆಕೆಯನ್ನು ತಡೆದು, ವಿದ್ಯುದಾಗಾರದ ಕಡೆ ತಿರುಗಿಸಿ ಕಳಿಸುತ್ತದೆ. ಹೀಗಾಗಿ ಬೇಸಗೆಯಲ್ಲಿ ಆಕಾಶ ತಿಳಿ, ಬಂಡೆ ಸ್ಪಷ್ಟ, ನೀರು ಮಾತ್ರ ದಾರದೆಳೆಯಷ್ಟು. ಜಲಾಶಯದ ಮಟ್ಟ 1819 ಅಡಿಯ ಹತ್ತಿರ ಬಂದು ಗೇಟು ತೆರೆದಾಗ ನೀರೇ ನೀರು. ಆದರೆ ಆ ಹೊತ್ತಿಗೆ ಪಡುವಣದಿಂದ ಬರುವ ಮುಂಗಾರು ಮೋಡ, ಕೆಳಗಿನಿಂದ ಏಳುವ ತುಂತುರು ಎರಡೂ ಸೇರಿ ಕಣಿವೆಗೆ ಮುಸುಕು ಎಳೆದಿರುತ್ತವೆ. ಆದ್ದರಿಂದ ಸೂತ್ರ: ಕಾಣುವಾಗ ನೀರಿಲ್ಲ, ನೀರಿರುವಾಗ ಕಾಣುವುದಿಲ್ಲ. ಕಾಕತಾಲೀಯ ನ್ಯಾಯ, ಅಂಧಗಜ ನ್ಯಾಯಗಳ ಸಾಲಿನಲ್ಲಿ ಇದನ್ನು ‘ಜೋಗನ್ಯಾಯ’ ಎಂದು ಸೇರಿಸಿಕೊಳ್ಳಲು ವಿದ್ವತ್ ಲೋಕವನ್ನು ಕೋರುತ್ತೇವೆ.

ಪ್ರಮಾಣ ಪರೀಕ್ಷೆ

ಕಟಾಂಜನಕ್ಕೆ ಹೊಟ್ಟೆ ಆನಿಸಿ ನಿಂತ ನಮ್ಮ ಮುಂದಿದ್ದದ್ದು ಒಂದು ಬಿಳಿ ಗೋಡೆ. ಅದರ ಹಿಂದೆ ಜಲಪಾತವಿದೆಯೆಂದು ತಿಳಿಯುವುದು ಹೇಗೆ? ನ್ಯಾಯಶಾಸ್ತ್ರದ ಪ್ರಮಾಣಗಳು ನಾಲ್ಕು, ಜೋಗದ ಕವಲುಗಳೂ ನಾಲ್ಕು: ರಾಜಾ, ರೋರರ್, ರಾಕೆಟ್, ರಾಣಿ. (ಆದಿಪ್ರಾಸಕ್ಕೆ ಎರಡನೆಯ ಅಕ್ಷರ ಒಂದಾಗಬೇಕು. ಇಲ್ಲಿ ಮೊದಲನೆಯದು ಮಾತ್ರ ಒಂದು. ಆದ್ದರಿಂದ ಹೆಸರಿಟ್ಟವರು ಹಳಗನ್ನಡ ಓದಿದವರಲ್ಲವೆಂಬುದು ಸಿದ್ಧ.)

ಉಪಮಾನ: ಗವಯವೆಂದರೆ ಹಸುವಿನಂಥದ್ದು ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ. ಹಾಗೆಯೇ ಮೇಷ್ಟ್ರು ಹೇಳಿದರು: ‘ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಒಬ್ಬನ ತಲೆ ಮೇಲೊಬ್ಬನಂತೆ ಹದಿನಾಲ್ಕು ಗೊಮ್ಮಟರು ನಿಂತರೆ ಎಷ್ಟೋ ಹೆಚ್ಚುಕಡಿಮೆ ಅಷ್ಟೆತ್ತರ.’ ನಾವು ಮಂಜಿನಲ್ಲಿ ಹದಿನಾಲ್ಕು ಗೊಮ್ಮಟರನ್ನು ಶ್ರದ್ಧೆಯಿಂದ ನಿಲ್ಲಿಸಿದೆವು. ಗೊಮ್ಮಟರು ಕಂಡರು, ಜೋಗ ಕಾಣಲಿಲ್ಲ.

ಶಬ್ದ: ನ್ಯಾಯಶಾಸ್ತ್ರದಲ್ಲಿ ಶಬ್ದಪ್ರಮಾಣವೆಂದರೆ ಆಪ್ತರ ಮಾತು. ಜೋಗದಲ್ಲಿ ಅದು ಬರೀ ಶಬ್ದ. ಕಿವಿಗಿಂತ ಮೊದಲು ಎದೆಗೂಡಿಗೆ ತಾಗುವಂಥದ್ದು. ಆಪ್ತರ ಮಾತು ಯಾವುದೂ ಕೇಳಿಸುತ್ತಿರಲಿಲ್ಲವಾದ್ದರಿಂದ ಎರಡು ಅರ್ಥಗಳ ನಡುವೆ ಗೊಂದಲವಾಗಲಿಲ್ಲ.

ಅನುಮಾನ: ಬ್ಯಾಂಕು ಪಂಚಾವಯವ ವಾಕ್ಯ ಹೂಡಿದ. ಪ್ರತಿಜ್ಞೆ, ಈ ಮಂಜಿನ ಹಿಂದೆ ನೋಡುವಂಥದ್ದಿದೆ. ಹೇತು, ಟಿಕೆಟ್ ಇಟ್ಟಿದ್ದಾರೆ. ಉದಾಹರಣೆ, ಎಲ್ಲೆಲ್ಲಿ ಟಿಕೆಟ್ಟೋ ಅಲ್ಲಲ್ಲಿ ನೋಡುವಂಥದ್ದು, ಮೃಗಾಲಯದಂತೆ. ಉಪನಯ, ಇಲ್ಲಿಯೂ ಹಾಗೆ. ನಿಗಮನ, ಆದ್ದರಿಂದ ಇದೆ. ‘ಹೋದ ವಾರ ಮಲ್ಟಿಪ್ಲೆಕ್ಸಲ್ಲಿ ಟಿಕೆಟ್ ಇತ್ತು, ನೋಡುವಂಥದ್ದು ಏನಿತ್ತಲೇ?’ ಎಂದು ಡಾಕ್ಟ್ರು ವ್ಯಭಿಚಾರ ದೋಷ ತೋರಿಸಿದರು. ಹೇತು ಬಿದ್ದುಹೋಯಿತು. ಕನ್ನಡದಲ್ಲಿ ‘ಅನುಮಾನ’ಕ್ಕೆ ಸಂಶಯವೆಂಬ ಅರ್ಥ ಯಾಕೆ ಬಂತೆಂಬುದು ಅಂದು ತಿಳಿಯಿತು.

ಭಾಟ್ಟ ಮೀಮಾಂಸಕರು ಇನ್ನೆರಡು ಪ್ರಮಾಣಗಳನ್ನು ಒಪ್ಪುತ್ತಾರೆ. ಮೊದಲನೆಯದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ‘ಎಣ್ಣೇಲಿ ಕರಿದದ್ದು ಮುಟ್ಟಲ್ಲಪ್ಪ’ ಎಂದಿದ್ದ ಡಾಕ್ಟ್ರು ಮಂಜು ದಟ್ಟವಾದಾಗ ಎರಡು ನಿಮಿಷ ಕಾಣೆಯಾದರು. ಮಂಜು ತೆಳುವಾದಾಗ ಮಿರ್ಚಿ ಬಜ್ಜಿಯ ಪೊಟ್ಟಣ ಖಾಲಿಯಿತ್ತು. ಮಿಕ್ಕಿದ್ದನ್ನು ಓದುಗರೇ ಊಹಿಸಿಕೊಳ್ಳಬೇಕು.

ಪ್ರತ್ಯಕ್ಷ: ಮಧ್ಯಾಹ್ನ ಮೂರರ ಹೊತ್ತಿಗೆ ಎಡಗಡೆಯಿಂದ ಮುಸುಕು ಹರಿಯಿತು. ಮೊದಲು ಕಂಡದ್ದು ರಾಜಾ. ಬಂಡೆಯಂಚಿನಲ್ಲಿ ಕೆಮ್ಮಣ್ಣಿನ ಬಣ್ಣದ ನೀರು, ಅರ್ಧ ದಾರಿ ಇಳಿಯುವಷ್ಟರಲ್ಲಿ ಹಿಂಜಿದ ಅರಳೆ. ಅಷ್ಟು ಎತ್ತರದಿಂದ ಬೀಳುವ ನೀರು ಬೀಳುತ್ತಿಲ್ಲ, ಯಾರೋ ಮೇಲಿನಿಂದ ನಿಧಾನ ಇಳಿಬಿಡುತ್ತಿದ್ದಾರೆ ಎನ್ನಿಸುತ್ತದೆ. ಪಕ್ಕದಿಂದ ರೋರರ್ ಓರೆಯಾಗಿ ನುಗ್ಗಿ ಬಂದು ರಾಜನ ಸೊಂಟಕ್ಕೇ ಡಿಕ್ಕಿ ಹೊಡೆಯಿತು. ರಾಕೆಟ್ ಬಂಡೆಯಿಂದ ಬಂಡೆಗೆ ಸಿಡಿಯಿತು. ಕೊನೆಯಲ್ಲಿ ರಾಣಿ, ನೊರೆಯ ಸೆರಗು ಹರಡಿಕೊಂಡು. ಯಾರೂ ಮಾತಾಡಲಿಲ್ಲ. ನಾನು ಫೋನ್ ತೆಗೆದೆ. ಒದ್ದೆ ಬೆರಳನ್ನು ಅದು ಒಪ್ಪಲಿಲ್ಲ, ನಾನು ನಾನೇ ಎಂಬುದಕ್ಕೆ ಪ್ರಮಾಣ ಸಾಲದೆಂದಿತು. ಅಂಗಿಗೆ ಬೆರಳೊರೆಸಿ, ಫೋನ್ ತೆರೆದು, ಕ್ಲಿಕ್ ಎನ್ನಿಸುವಷ್ಟರಲ್ಲಿ ಮುಸುಕು ಮುಚ್ಚಿತ್ತು. ‘ನಲವತ್ತು ಸೆಕೆಂಡು’ ಎಂದರು, ಪರೀಕ್ಷಾ ಕೊಠಡಿಯ ಅಭ್ಯಾಸದಿಂದ ಗಡಿಯಾರ ನೋಡಿದ್ದ ಮೇಷ್ಟ್ರು. ಬ್ಯಾಂಕು ಆಗ ಶೌಚಾಲಯದ ಸಾಲಿನಲ್ಲಿದ್ದ. ಈಗ ಎಲ್ಲರ ಮನೆಯಲ್ಲೂ ಜೋಗವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ವರ್ಣಿಸುವವನು ಅವನೇ. ಕಂಡ ನಮಗೆ ಪದ ಸಾಲುವುದಿಲ್ಲ, ಕಾಣದ ಅವನಿಗೆ ಆ ತೊಂದರೆಯಿಲ್ಲ.

ಅನುಪಲಬ್ಧಿ: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಆರನೆಯ ಪ್ರಮಾಣ. ಇದನ್ನು ಜೋಳದ ತೆನೆ ಸುಡುತ್ತಿದ್ದ ಅಜ್ಜನೊಬ್ಬನ ಮುಂದೆ ಅನ್ವಯಿಸಿ, ‘ಏನೂ ಕಾಣಲ್ವಲ್ಲ ಅಜ್ಜ, ಬಂದದ್ದು ದಂಡ’ ಎಂದೆ. ಅಜ್ಜ ತೆನೆಗೆ ನಿಂಬೆಹಣ್ಣು, ಉಪ್ಪುಖಾರ ತಿಕ್ಕುತ್ತ ಹೇಳಿದ: ‘ನಿಮ್ಗೆ ಅಡ್ಡ ಇರೋದು ಮಂಜು. ಒಂದ್ ಗಳಿಗೆ ಕಾದ್ರೆ ಸರಿಯುತ್ತೆ. ನಮ್ಮೂರಿನ್ ಮೇಲಿರೋದು ಡ್ಯಾಮಿನ್ ನೀರು. ಅದು ಸರಿಯಲ್ಲ.’ ಕಾಣದಿದ್ದರೂ ಇರುವ ಊರನ್ನು ಯಾವ ಪ್ರಮಾಣದಡಿ ಸೇರಿಸಬೇಕೆಂದು ನಾಲ್ವರು ವಿದ್ವಾಂಸರಿಗೂ ಹೊಳೆಯಲಿಲ್ಲ. ತೆನೆ ಕೈಯಲ್ಲೇ ಆರಿತು.

ನಿಗಮನ

ಮರುದಿನ ರಾತ್ರಿ ಮನೆ ತಲುಪಿದೆ. 1948ರಿಂದ ಶರಾವತಿ ಕಣಿವೆಯಲ್ಲಿ ವಿದ್ಯುತ್ ಹುಟ್ಟುತ್ತಿದೆ. ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1035 ಮೆಗಾವ್ಯಾಟ್. ದಾರಿಯುದ್ದಕ್ಕೂ ಈ ಅಂಕಿಯನ್ನೇ ಗೆಳೆಯರಿಗೆ ಬೋಧಿಸುತ್ತ ಬಂದಿದ್ದೆ. ಬಾಗಿಲು ತೆರೆದು ಸ್ವಿಚ್ ಒತ್ತಿದೆ. ಕರೆಂಟ್ ಇರಲಿಲ್ಲ.

‘ಜೋಗ ಕಂಡಿತಾ?’ ಕತ್ತಲಲ್ಲಿ ಹೆಂಡತಿಯ ದನಿ.

‘ಕಂಡಿತು. ಫೋಟೋ ಇದೆ ನೋಡು.’

ಆಕೆ ಫೋನ್ ಕೈಗೆ ತೆಗೆದುಕೊಂಡಳು. ಅಂಚಿನಿಂದ ಅಂಚಿಗೆ ಅಚ್ಚ ಬಿಳಿ. ಒಂದು ಗೆರೆಯಿಲ್ಲ, ಒಂದು ನೆರಳಿಲ್ಲ. ಏನೂ ಹೇಳದೆ ಅದನ್ನೇ ಮುಂದೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು, ಎರಡನೆಯ ಡ್ರಾಯರಿನಲ್ಲಿ ಮೇಣದಬತ್ತಿ ಹುಡುಕಿದಳು, ಬೆಂಕಿಪೊಟ್ಟಣವೂ ಸಿಕ್ಕಿತು.

ಜೋಗದಿಂದ ಮನೆಗೆ ಬೆಳಕು ಬರುತ್ತದೆಂಬ ಪಕ್ಷ ಹೀಗೆ ಪ್ರತ್ಯಕ್ಷವಾಗಿಯೇ ಸಿದ್ಧವಾಯಿತು.