ಭಾವನ ಅಣಕು ಪಟ್ಟಿ

ನಮ್ಮ ಭಾವ ಜೋಯಿಸರಲ್ಲ, ಸಾಫ್ಟ್‌ವೇರ್‌ನವರು. ಆದರೆ ಅವರ ಅಜ್ಜ ಮಲೆನಾಡಿನ ಒಂದು ಹಳ್ಳಿಯಲ್ಲಿ ಪಂಚಾಂಗ ಬಿಡಿಸಿ ಮಳೆ ಹೇಳುತ್ತಿದ್ದವರು. ಹೇಳಿದ ದಿನ ಬಿಸಿಲು ಕಾದರೆ ಅಜ್ಜ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. "ಮಳೆ ಬಂದಿದೆ, ನಮ್ಮೂರಿಗೆ ಬಂದಿಲ್ಲ" ಅನ್ನುತ್ತಿದ್ದರಂತೆ. ಆ ರಕ್ತ ಒಂದು ತಲೆಮಾರು ತೂಕಡಿಸಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಒಂದು ಬೇಸ್‌ಮೆಂಟಿನಲ್ಲಿ ಎದ್ದು ಕೂತಿದೆ.

2025ರ ಏಪ್ರಿಲ್‌ನಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಭಾವ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಪ್ರಯಾಣ ಹೇಗಿತ್ತು, ಅಮ್ಮ ಹೇಗಿದ್ದಾರೆ, ಒಂದೂ ಕೇಳಲಿಲ್ಲ. ಕಾರಿನ ಬಾಗಿಲು ಹಾಕಿದವರೇ, "ಎರಡನೇ ನಂಬರಿಗೆ ಯಾರನ್ನ ತಗೊಳ್ತಾರೆ ಅಂತೀಯ?" ಅಂದರು. ನಾನು ಮನೆಯಲ್ಲಿ ಯಾರಿಗೋ ಎರಡನೇ ಸಂಬಂಧ ನೋಡುತ್ತಿದ್ದಾರೆಂದು ಗಾಬರಿಯಾದೆ.

ವಿಷಯ ಎನ್‌ಎಫ್‌ಎಲ್ ಡ್ರಾಫ್ಟ್‌ನದು. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡಿದರೂ ಅಮೆರಿಕದವರು ಫುಟ್‌ಬಾಲ್ ಎಂದೇ ಕರೆಯುವ ಆ ಆಟಕ್ಕೆ 32 ವೃತ್ತಿಪರ ತಂಡಗಳಿವೆ. ಏಪ್ರಿಲ್ ಕೊನೆಗೆ ಮೂರು ದಿನ, ಏಳು ಸುತ್ತು, ಇನ್ನೂರೈವತ್ತಕ್ಕೂ ಹೆಚ್ಚು ಕಾಲೇಜು ಹುಡುಗರನ್ನು ಈ ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಯಾರು ಎಲ್ಲರಿಗಿಂತ ಕೆಟ್ಟದಾಗಿ ಆಡಿದರೋ ಅವರಿಗೆ ಮೊದಲ ಆಯ್ಕೆ. ಪದ್ಧತಿ ಶುರುವಾದದ್ದು 1936ರಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎಂಬ ಹುಡುಗ ಈ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಹೊರಡುವಾಗಲೇ ಸೀನು ಬಿದ್ದಂತೆ. ನಮ್ಮವರಾಗಿದ್ದರೆ ಅಲ್ಲೇ ಕೂತು ನೀರು ಕುಡಿದು, ಕೆಲಸ ಮುಂದೂಡುತ್ತಿದ್ದರು.

ಡ್ರಾಫ್ಟ್‌ಗೆ ಮೊದಲೇ ಯಾವ ತಂಡಕ್ಕೆ ಯಾರು ಹೋಗುತ್ತಾರೆಂದು ಪಟ್ಟಿ ಬರೆಯುವುದಕ್ಕೆ ಅಲ್ಲಿ ಮಾಕ್ ಡ್ರಾಫ್ಟ್ ಎನ್ನುತ್ತಾರೆ. ಭಾವ ನನಗೆ ತಿಳಿಯುವ ಹಾಗೆ ಹೇಳಿದರು: "ನಿನ್ನ ಮಗಳ ಸಿಇಟಿಗೆ ಅಣಕು ಸೀಟು ಹಂಚಿಕೆ ಅಂತ ಬರಲಿಲ್ವೇನೋ, ಹಾಗೆ." ಹಾಗಲ್ಲ. ನಮ್ಮಲ್ಲಿ ಮೊದಲ ರ‍್ಯಾಂಕಿನವನು ತನಗೆ ಬೇಕಾದ ಕಾಲೇಜು ಹಿಡಿಯುತ್ತಾನೆ. ಇಲ್ಲಿ ಎಲ್ಲರಿಗಿಂತ ಕಳಪೆ ಕಾಲೇಜು ಬಂದು ಮೊದಲ ರ‍್ಯಾಂಕಿನವನ ರಟ್ಟೆ ಹಿಡಿಯುತ್ತದೆ. ಮತ್ತೆ ನಮ್ಮ ಪರೀಕ್ಷಾ ಪ್ರಾಧಿಕಾರ ಅಣಕು ಹಂಚಿಕೆ ಮಾಡಿ ಸುಮ್ಮನಾಗುತ್ತದೆ. ಭಾವನದು ಜನವರಿಯಿಂದ ವಾರಕ್ಕೆ ಕಡಿಮೆಯೆಂದರೂ ಎರಡು, ಕೊನೆಯ ವಾರ ದಿನಕ್ಕೊಂದು. ನಾನು ಹೋದ ಹೊತ್ತಿಗೆ ನಲವತ್ತೊಂದನೆಯ ಪಟ್ಟಿ ಸಿದ್ಧವಾಗಿತ್ತು.

ಇಂಥವರು ಅಲ್ಲಿ ಬೀದಿಗೊಬ್ಬರಿದ್ದಾರೆ. ಗುರುತಿಸುವುದು ಸುಲಭ. ಇಪ್ಪತ್ತೊಂದು ವರ್ಷದ, ತಾವು ಒಮ್ಮೆಯೂ ಮುಖಾಮುಖಿ ನೋಡದ ಹುಡುಗನ ಬಗ್ಗೆ, "ಸೊಂಟದಲ್ಲಿ ಬಳಕು ಸಾಲದು" ಎಂದು ಸಂಕಟಪಡುತ್ತಾರೆ. ಇಂಡಿಯಾನಾಪೊಲಿಸ್‌ನಲ್ಲಿ ಚಳಿಗಾಲದ ಕೊನೆಗೆ ಈ ಹುಡುಗರನ್ನು ಸೇರಿಸಿ ನಲವತ್ತು ಗಜ ಓಡಿಸುತ್ತಾರೆ, ಎಗರಿಸುತ್ತಾರೆ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಂಗೈ ಅಳೆಯುತ್ತಾರೆ. ಹೆಣ್ಣು ನೋಡಲು ಬಂದವರು "ಸ್ವಲ್ಪ ನಡೆದು ತೋರಿಸಮ್ಮ" ಅಂದದ್ದನ್ನು ಇವತ್ತಿಗೂ ಮರೆಯದ ನಮ್ಮಕ್ಕ, ಇದನ್ನು ಟಿವಿಯಲ್ಲಿ ಕಂಡಾಗಲೆಲ್ಲ "ಇವರಿಗೆ ಹೀಗೇ ಆಗಬೇಕು" ಅನ್ನುತ್ತಾಳೆ. ಭಾವನ ಹತ್ತಿರ ಒಂದು ದರಪಟ್ಟಿಯೂ ಇದೆ, ಡಲ್ಲಾಸ್ ತಂಡದ ಜಿಮ್ಮಿ ಜಾನ್ಸನ್ ಕಾಲದ್ದು: ಮೊದಲ ಸ್ಥಾನಕ್ಕೆ 3000 ಅಂಕ, ಎರಡನೆಯದಕ್ಕೆ 2600, ಐದನೆಯದಕ್ಕೆ 1700. ಚಿನ್ನದ ಅಂಗಡಿಯವನು ಹಳೇ ಬಳೆ ತೂಗುವಂತೆ ಇದನ್ನಿಟ್ಟುಕೊಂಡು, ಯಾರ ಸ್ಥಾನಕ್ಕೆ ಯಾರದನ್ನು ಅದಲುಬದಲು ಮಾಡಿದರೆ ಎಷ್ಟು ಮೋಸ ಎಂದು ರಾತ್ರಿ ಎರಡರವರೆಗೆ ಲೆಕ್ಕ ಹಾಕುತ್ತಾರೆ. ಮನೆಯ ತೆರಿಗೆ ಲೆಕ್ಕ ಅಕ್ಕನದು.

ಭಾವ ಬೇರೆ ಯಾವ ಊರಿಗೆ ಹೋಗಿದ್ದರೂ ಇಷ್ಟು ಕೆಡುತ್ತಿರಲಿಲ್ಲ ಅನಿಸುತ್ತದೆ. ಅವರ ಪಾಲಿಗೆ ಬಂದದ್ದು ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಬೇರೆ ತಂಡಗಳ ಹೆಲ್ಮೆಟ್ಟಿನ ಮೇಲೆ ಹದ್ದು, ಕುದುರೆ, ಸಿಡಿಲು ಇರುತ್ತವೆ. ಇವರದು ಬರೀ ಕಿತ್ತಳೆ ಬಣ್ಣ, ಹಣೆಯಲ್ಲಿ ಏನೂ ಬರೆದಿಲ್ಲ. 2016ರಲ್ಲಿ ಹದಿನಾರಕ್ಕೆ ಒಂದು ಗೆದ್ದರು; ಅದೂ ಹೆಚ್ಚಾಯಿತೆಂಬಂತೆ 2017ರಲ್ಲಿ ಹದಿನಾರಕ್ಕೆ ಹದಿನಾರೂ ಸೋತರು. 2018ರ ಜನವರಿಯಲ್ಲಿ ಅಭಿಮಾನಿಗಳು ಆ ಕೊರೆಯುವ ಚಳಿಯಲ್ಲಿ ಕ್ರೀಡಾಂಗಣದ ಸುತ್ತ ಮೆರವಣಿಗೆ ಹೊರಟರು. ಸುತ್ತು ಬಂದರೆ ಸೊನ್ನೆಯಾಗುತ್ತದಲ್ಲ, ಅದಕ್ಕೆ. ಭಾವ ಹೋಗಿದ್ದರು. "ನಮ್ಮೂರ ದೇವಸ್ಥಾನದಲ್ಲೂ ಇಷ್ಟು ಭಕ್ತಿಯಿಂದ ಪ್ರದಕ್ಷಿಣೆ ಹಾಕಿಲ್ಲ ಕಣೋ" ಅಂದರು. ಮೂರು ದಿನ ಜ್ವರ.

ಹೀಗಿರುವ ತಂಡಕ್ಕೆ ಹಬ್ಬವೆಂದರೆ ಡ್ರಾಫ್ಟ್ ಒಂದೇ. ವರ್ಷದಲ್ಲಿ ಅವರು ಸೋಲದ ಮೂರು ದಿನ ಅವು.

ಆದರೂ ಸೋಲುತ್ತಾರೆ. 22ನೆಯ ಸ್ಥಾನದ ಕಥೆಯನ್ನೇ ತೆಗೆದುಕೊಳ್ಳಿ. ಆ ಸಂಖ್ಯೆಯಲ್ಲಿ ಬ್ರೌನ್ಸ್ ಮೂರು ಸಲ ಕ್ವಾರ್ಟರ್‌ಬ್ಯಾಕ್ ಆರಿಸಿತು. ಚೆಂಡೆಸೆಯುವ ಆ ನಾಯಕನಿಲ್ಲದೆ ತಂಡವೇ ಇಲ್ಲ. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾನ್‌ಜೆಲ್. ಮೂವರೂ ನಿಲ್ಲಲಿಲ್ಲ. ವೀಡನ್‌ಗೆ ಆಗಲೇ 28 ವರ್ಷ. ಈ ಸಂತೆಯಲ್ಲಿ ಅದು ಎರಡನೇ ಮದುವೆಯ ವಯಸ್ಸು. ಅಂದಿನಿಂದ ಭಾವನಿಗೆ 22 ಎಂದರೆ ರಾಹುಕಾಲ. ಇಪ್ಪತ್ತೆರಡನೇ ತಾರೀಕು ಕಾರಿಗೆ ಪೆಟ್ರೋಲನ್ನೂ ಹಾಕಿಸುವುದಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸುವ ಕಥೆ ಇನ್ನೊಂದು. 2017ರಲ್ಲಿ ಕೈಯಲ್ಲಿದ್ದ 12ನೆಯ ಸ್ಥಾನವನ್ನು ಹೂಸ್ಟನ್ ತಂಡಕ್ಕೆ ಬಿಟ್ಟುಕೊಟ್ಟರು. ಹೂಸ್ಟನ್ ಅಲ್ಲಿ ಡಿಶಾನ್ ವಾಟ್ಸನ್‌ನನ್ನು ಆರಿಸಿತು. ಐದು ವರ್ಷದ ಮೇಲೆ ಇವರು ಅದೇ ಹೂಸ್ಟನ್ನಿನ ಬಾಗಿಲಿಗೆ ಹೋಗಿ, ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು, 23 ಕೋಟಿ ಡಾಲರ್ ಖಾತರಿ ಸಂಬಳ ಒಪ್ಪಿ, ಅದೇ ವಾಟ್ಸನ್‌ನನ್ನು ಕರೆತಂದರು. ಹಿತ್ತಲ ಗಿಡವನ್ನು ಪಕ್ಕದ ಮನೆಯವನಿಗೆ ಕೊಟ್ಟು, ಆಮೇಲೆ ಅದರ ಮದ್ದಿಗೆ ಅವನ ಹತ್ತಿರ ಮನೆ ಅಡವಿಟ್ಟ ಹಾಗೆ. ಮದ್ದೂ ನಾಟಲಿಲ್ಲ.

ಸರಿ, ಗುರುವಾರ ರಾತ್ರಿ ಬಂತು. ಗ್ರೀನ್ ಬೇ ಊರಿನಲ್ಲಿ ಡ್ರಾಫ್ಟ್. ಅಕ್ಕ ಚಿತ್ರಾನ್ನ ಕಲಸಿದ್ದಳು. ಕಿತ್ತಳೆ ಬಣ್ಣ ಬರಲಿ ಎಂದು ಭಾವ ಕ್ಯಾರೆಟ್ ತುರಿದು ಹಾಕಿಸಿದ್ದರು. ನಲವತ್ತೊಂದನೆಯ ಪಟ್ಟಿಯ ಪ್ರಕಾರ ಎರಡನೆಯ ಸ್ಥಾನದಲ್ಲಿ ನಮಗೆ ಟ್ರಾವಿಸ್ ಹಂಟರ್, ದಾಳಿಯಲ್ಲೂ ರಕ್ಷಣೆಯಲ್ಲೂ ಆಡುವ ಸವ್ಯಸಾಚಿ. ಅಮೆರಿಕದ ಜೋಯಿಸರೆಲ್ಲ ಅದನ್ನೇ ಹೇಳಿದ್ದರು. ಮೊದಲನೆಯದಾಗಿ ಟೆನೆಸಿಯವರು ಕ್ಯಾಮ್ ವಾರ್ಡ್‌ನನ್ನು ಒಯ್ದರು. ಭಾವ ಟಿಕ್ ಹಾಕಿದರು. ಪೆನ್ನಿನ ಮುಚ್ಚಳ ಹಾಕಿರಲಿಲ್ಲ, ಬ್ರೌನ್ಸ್ ತನ್ನ ಸ್ಥಾನವನ್ನು ಜಾಕ್ಸನ್‌ವಿಲ್ ಜಾಗ್ವಾರ್ಸ್‌ಗೆ ಬಿಟ್ಟುಕೊಟ್ಟಿತೆಂದು ಸುದ್ದಿ ಬಂತು. ಹಂಟರ್ ಅಲ್ಲಿಗೆ ಹೋದ. ನಮಗೆ ಐದನೆಯ ಸ್ಥಾನ, ಜೊತೆಗೆ ಮುಂದಿನ ವರ್ಷದ ಜಾಗ್ವಾರ್ಸ್‌ನ ಮೊದಲ ಸುತ್ತಿನ ಆಯ್ಕೆ, ಇನ್ನೂ ಚಿಲ್ಲರೆ.

ನಲವತ್ತೊಂದು ಪಟ್ಟಿಗಳ ಶ್ರಮ ನಲವತ್ತೊಂದು ಕ್ಷಣದಲ್ಲಿ ಕುಸಿಯಿತು. ಭಾವ ಚಿತ್ರಾನ್ನದ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿದರು. ಸಮಾಧಾನ ಹೇಳಬೇಕೇನೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಇದನ್ನ ನಾನು ಫೆಬ್ರವರಿಯಲ್ಲೇ ಅಂದ್ಕೊಂಡಿದ್ದೆ" ಅಂದರು. ಅಂದುಕೊಂಡದ್ದಕ್ಕೆ ದಾಖಲೆ ಇರಲಿಲ್ಲ. ಐದನೆಯದಕ್ಕೆ ಬಂದದ್ದು ಮೇಸನ್ ಗ್ರಹಾಂ, ಮಿಷಿಗನ್‌ನ ಭಾರಿ ಆಳು. "ಇವನು ನನ್ನ ಹದಿನೇಳನೇ ಪಟ್ಟಿಯಲ್ಲಿದ್ದ." ಅದಿರಬಹುದು. ನಲವತ್ತೊಂದು ಪಟ್ಟಿಯಲ್ಲಿ ಯಾರಿರಲಿಲ್ಲ ಎಂಬುದೇ ಪ್ರಶ್ನೆ.

ಆ ರಾತ್ರಿ ಇನ್ನೊಂದು ವಿಚಿತ್ರ ನಡೆಯಿತು. ಶೆಡೂರ್ ಸ್ಯಾಂಡರ್ಸ್ ಎಂಬ ಕ್ವಾರ್ಟರ್‌ಬ್ಯಾಕ್, ಹಿಂದಿನ ದೊಡ್ಡ ಆಟಗಾರ ಡಿಯಾನ್ ಸ್ಯಾಂಡರ್ಸ್ ಮಗ, ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಬಹುತೇಕ ಪಂಡಿತರ ಅಂದಾಜು. ಗುರುವಾರ ಅವನ ಹೆಸರು ಬರಲಿಲ್ಲ. ಶುಕ್ರವಾರವೂ ಇಲ್ಲ. ನಮ್ಮವರೇ 94ನೆಯದಾಗಿ ಡಿಲನ್ ಗೇಬ್ರಿಯಲ್ ಎಂಬ ಬೇರೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. ಭಾವ ಎದ್ದುಹೋಗಿ, ಯಾರೂ ಹೇಳದೆ, ಪಾತ್ರೆ ತೊಳೆದರು. ಅಕ್ಕ ನನ್ನ ಕಿವಿಯಲ್ಲಿ "ಹೀಗೇ ಇನ್ನೊಂದೆರಡು ತಪ್ಪು ಆರಿಸಲಿ" ಅಂದಳು.

ಶನಿವಾರ ಮಧ್ಯಾಹ್ನ, ಐದನೆಯ ಸುತ್ತು, 144ನೆಯ ಸ್ಥಾನ. ಬ್ರೌನ್ಸ್ ಒಂದಿಷ್ಟು ಮೇಲೆ ಹತ್ತಿ ಬಂದು ಶೆಡೂರ್ ಸ್ಯಾಂಡರ್ಸ್‌ನನ್ನು ಆರಿಸಿತು.

ಭಾವ ಮೆಟ್ಟಿಲಿಳಿದು ಬೇಸ್‌ಮೆಂಟಿಗೆ ಓಡಿದರು. ಹಿಂದಿರುಗಿದಾಗ ಕೈಯಲ್ಲಿ ಜನವರಿಯ ಪಟ್ಟಿ, ಮೊಟ್ಟಮೊದಲನೆಯದು.

"ಓದು."

"ಸ್ಯಾಂಡರ್ಸ್, ಬ್ರೌನ್ಸ್, ಎರಡನೇ ಸ್ಥಾನ. ಭಾವ, ಅವನು ಹೋದದ್ದು ನೂರಾ ನಲವತ್ತನಾಲ್ಕಕ್ಕೆ."

"ಹುಡುಗ ಇವನೇ ತಾನೆ?"

"ಹೌದು."

"ತಂಡ ನಮ್ಮದೇ ತಾನೆ?"

"ಹೌದು."

"ಮತ್ತೇನು? ಮಳೆ ಬಂತೋ ಇಲ್ವೋ?"

ಅಕ್ಕ ಒಳಗಿನಿಂದ "ರೀ, ಊಟ ಆರ್ತಿದೆ" ಎಂದು ಕೂಗಿದಳು. ಭಾವನಿಗೆ ಕೇಳಿಸಲಿಲ್ಲ. ಹೊಸ ಹಾಳೆಯ ನೆತ್ತಿಯ ಮೇಲೆ 2026 ಎಂದು ಬರೆದು, ಅದರ ಕೆಳಗೆ ಗೆರೆ ಎಳೆಯುತ್ತಿದ್ದರು. ಮುಂದಿನ ಸಲ ಮೊದಲ ಸುತ್ತಿನಲ್ಲಿ ನಮಗೆ ಎರಡು. ಒಂದು ನಮ್ಮದು, ಒಂದು ಜಾಗ್ವಾರ್ಸ್‌ನದು. ಆ ಎರಡನೆಯದರ ಎದುರು ಪೆನ್ಸಿಲ್ಲಿನಲ್ಲಿ, ಸಣ್ಣಕ್ಷರದಲ್ಲಿ: "22 ಬಿಟ್ಟು ಯಾವುದಾದರೂ ಸರಿ."