ಹೆಗ್ಗತ್ತಿಯ ಆಯ್ಕೆ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಮಲೆನಾಡಿನ ಮನುಷ್ಯ ಮತ್ತು ಹಳುವಿನ ನಡುವಣ ಮುಖಾಮುಖಿಯಲ್ಲಿ ಕತ್ತಿಯು ಒಂದು ಸಂಕಥನವಾಗಿ ರೂಪುಗೊಳ್ಳುವ ಪ್ರಕ್ರಿಯೆಯನ್ನು ವಿದ್ವತ್ ವಲಯವು ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲ. ಕಾರಣ ಸ್ಪಷ್ಟವಿದೆ. ಪರಿಗಣಿಸುವವರ ಬಳಿ ಕತ್ತಿಯಿಲ್ಲ, ಕತ್ತಿಯಿರುವವರಿಗೆ ಪುರಸೊತ್ತಿಲ್ಲ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವಿಧಾನ: ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾ ಯೋಚಿಸುವುದು. ಇದಕ್ಕೆ ಈಗ ‘ಗುಣಾತ್ಮಕ ವಿಧಾನ’ ಎಂದು ಹೆಸರು.

ಪ್ರೇರಣೆಯನ್ನೂ ದಾಖಲಿಸಬೇಕು. ಎರಡು ದಿನದ ಒಂದು ವಿಚಾರ ಸಂಕಿರಣದಲ್ಲಿ ವಿದ್ವಾಂಸರೊಬ್ಬರು ಮಲೆನಾಡಿನ ಕೃಷಿ ಸಲಕರಣೆಗಳ ಅನನ್ಯತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅಷ್ಟು ಹೊತ್ತೂ ಕೈಯಲ್ಲಿದ್ದ ಹೆಗ್ಗತ್ತಿಯ ಬಾಯಿ ಅವರ ಹೊಟ್ಟೆಯ ಕಡೆಗೇ ಇತ್ತು. ನನ್ನ ಪಕ್ಕದಲ್ಲಿ ಮೂವತ್ತು ವರ್ಷ ಹಳು ಸವರಿದವರೊಬ್ಬರು ‘ಸಂಪನ್ಮೂಲ ವ್ಯಕ್ತಿ’ ಎಂಬ ಚೀಟಿ ಅಂಟಿಸಿಕೊಂಡು ಕೂತಿದ್ದರು. ಅವರಿಗೆ ಕೊನೆಯಲ್ಲಿ ಎರಡು ನಿಮಿಷ ಇಟ್ಟಿದ್ದರು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು. ಪಾಯಸ ಚೆನ್ನಾಗಿತ್ತು.

2. ವ್ಯುತ್ಪತ್ತಿ ಹಾಗೂ ನ್ಯಾಯಶಾಸ್ತ್ರೀಯ ನೆಲೆ

ಹಿರಿದಾದ ಮರ ಹೆಮ್ಮರವಾದಂತೆ ಹಿರಿದಾದ ಕತ್ತಿ ಹೆಗ್ಗತ್ತಿ. ಕರ್ಮಧಾರಯ ಸಮಾಸ, ಕಕಾರಕ್ಕೆ ಗಕಾರಾದೇಶ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ದಾರಿಗಳನ್ನೆಲ್ಲ ಸವರಿ ಚೊಕ್ಕ ಮಾಡಿಟ್ಟಿದ್ದಾನೆ, ಯಾವ ಕತ್ತಿಯಿಂದ ಎಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹ. ಬಯಲುಸೀಮೆಯ ‘ಮಚ್ಚು’ ಮತ್ತು ಬೆಂಗಳೂರು ಸಿನಿಮಾದ ‘ಲಾಂಗು’ ಈ ಕುಲಕ್ಕೆ ದಾಯಾದಿಗಳು. ಆದರೆ ಲಾಂಗಿನ ಮುಂದೆ ಮನುಷ್ಯ ನಿಂತಿರುತ್ತಾನೆ, ಹೆಗ್ಗತ್ತಿಯ ಮುಂದೆ ಕಮ್ಯುನಿಸ್ಟ್ ಗಿಡವೆಂಬ ಕಳೆ. ಮನೆಬಳಕೆಗೆ ಅಥವಾ ಕೃಷಿಗೆಂದೇ ಮಾಡಿದ ವಸ್ತುವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧವೆಂದು ಎಣಿಸುವುದಿಲ್ಲ. ಹೀಗೆ ಕಾಯ್ದೆಯ ಪ್ರಕಾರ ಆಯುಧವಲ್ಲದ್ದು ಮಹಾನವಮಿಯ ಪ್ರಕಾರ ಆಯುಧ. ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗುತ್ತದೆ, ಕತ್ತಿ ಎಂದಿನಂತೆ ತೋಟಕ್ಕೆ ಹೋಗುತ್ತದೆ.

3. ವರ್ಗೀಕರಣ

ಕತ್ತಿಗಳನ್ನು ಒಂಬತ್ತು ವರ್ಗ, ಇಪ್ಪತ್ತೇಳು ಉಪವರ್ಗಗಳಾಗಿ ವಿಂಗಡಿಸಲಾಗಿದೆ.

ಪ್ರಥಮ ವರ್ಗ, ಸ್ಥಾವರ: ಅಡಿಕೆ ಸುಲಿಯುವ ಮೆಟ್ಟುಗತ್ತಿ. ಇಲ್ಲಿ ಕತ್ತಿ ಕದಲುವುದಿಲ್ಲ, ಅಡಿಕೆಯೇ ಕತ್ತಿಯ ಬಳಿಗೆ ಬರುತ್ತದೆ.

ದ್ವಿತೀಯ ವರ್ಗ, ಲಘು ಜಂಗಮ: ಹುಲ್ಲು ಕೊಯ್ಯುವ ಕುಡುಗೋಲು.

ತೃತೀಯ ವರ್ಗ, ಗುರು ಜಂಗಮ: ಹೆಗ್ಗತ್ತಿ. ಪ್ರಸ್ತುತ ವಿಷಯ.

ಚತುರ್ಥ ವರ್ಗ, ಲುಪ್ತ: ಬೇಲಿ ಕೆಲಸಕ್ಕೆಂದು ಪಕ್ಕದ ಮನೆಯವರು ಒಯ್ದದ್ದು, ಅಥವಾ ಹಳುವಿನಲ್ಲಿ ಇಟ್ಟು ಮರೆತದ್ದು. ಎರಡನೆಯದು ಮುಂದಿನ ಬೇಸಿಗೆಗೆ ತುಕ್ಕು ಹಿಡಿದಾದರೂ ಸಿಗುತ್ತದೆ.

ಪಂಚಮದಿಂದ ನವಮದವರೆಗಿನ ವರ್ಗಗಳನ್ನು ಓದುಗರು ತಾವೇ ತುಂಬಿಕೊಳ್ಳಬಹುದು. ಪ್ರಬಂಧದ ನಡುಭಾಗವನ್ನು ಮೌಲ್ಯಮಾಪಕರೂ ಓದುವುದಿಲ್ಲ.

4. ಆಯ್ಕೆಯ ಮಾನದಂಡಗಳು

(ಅ) ಲೋಹಮೀಮಾಂಸೆ. ಉತ್ತಮ ಹೆಗ್ಗತ್ತಿಯ ಪೂರ್ವಜನ್ಮ ಲಾರಿಯ ಸ್ಪ್ರಿಂಗ್ ಪ್ಲೇಟು. ಘಾಟಿ ಹತ್ತಿಳಿಯುತ್ತಾ ಬಾಗಿ ನೆಟ್ಟಗಾಗಿ, ನೆಟ್ಟಗಾಗಿ ಬಾಗಿ, ತಾಳಿಕೊಳ್ಳುವುದನ್ನು ಅದು ಅಲ್ಲೇ ಕಲಿತಿರುತ್ತದೆ. ಆಚಾರ್ರು ಅದನ್ನು ಕೆಂಪಗೆ ಕಾಸಿ, ಬಡಿದು, ಬಾಯಿ ತೆಗೆದು, ಅದ್ದಿ ತಣಿಸುತ್ತಾರೆ. ಮತ್ತೆ ಸಣ್ಣಗೆ ಕಾಸುವಾಗ ಬಾಯಿಯ ಮೇಲೆ ಒಣಹುಲ್ಲಿನ ಬಣ್ಣ ಹರಿಯುತ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಎಲ್ಲಿ ತಡೆಯಬೇಕೆಂಬುದೇ ಹದ. ಬೇಗ ತಡೆದರೆ ಗಟ್ಟಿ ಗಂಟಿಗೆ ಬಾಯಿ ಚಕ್ಕೆ ಹಾರುತ್ತದೆ, ತಡವಾದರೆ ಮಡಚಿಕೊಳ್ಳುತ್ತದೆ. ಇದಕ್ಕೆ ಯಾವ ಮಾಪಕವೂ ಇಲ್ಲ, ಆಚಾರ್ರ ಕಣ್ಣು ಮತ್ತು ಕುಲುಮೆಯ ನೆರಳು ಅಷ್ಟೆ. ಬಿಸಿಲಿನಲ್ಲಿ ಬಣ್ಣ ತಪ್ಪು ಹೇಳುತ್ತದೆ. ಅಂಗಡಿಯಲ್ಲಿ ಥಳಥಳ ಹೊಳೆಯುವ ಕತ್ತಿಗೆ ಈ ಜಾತಕವಿಲ್ಲ.

(ಆ) ಭಾರಸಿದ್ಧಾಂತ. ಕತ್ತಿಯನ್ನು ಮೊದಲನೇ ಏಟಿಗೆ ಆರಿಸಬಾರದು, ಇನ್ನೂರನೇ ಏಟಿಗೆ ಆರಿಸಬೇಕು. ಭಾರ ಮೂತಿಯ ಕಡೆಗಿದ್ದರೆ ಏಟನ್ನು ಕತ್ತಿಯೇ ಹೊಡೆಯುತ್ತದೆ, ಹಿಡಿಯ ಕಡೆಗಿದ್ದರೆ ನಾವು ಹೊಡೆಯಬೇಕು. ಮೂತಿ ತೀರಾ ಭಾರವಾದರೂ ಕಷ್ಟ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ವರದಿ ಸಲ್ಲಿಸುತ್ತದೆ.

(ಇ) ಹಸ್ತಾನುಸಂಧಾನ. ಶೃಂಗೇರಿ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಉಂಬಳ ಕಿತ್ತ ಕೈಯಲ್ಲಿ ರಕ್ತ, ಮೈಮೇಲೆ ಕಂಬಳಿಕೊಪ್ಪೆ, ಕಾಲಡಿಗೆ ಜಾರುವ ದರೆ. ಇಂಥಲ್ಲಿ ಪಾಲಿಶ್ ಹೊಡೆದ ಹಿಡಿ ಹಾವಿನಂತೆ ನುಣುಚುತ್ತದೆ. ಹಿಡಿಯ ತುದಿ ದಪ್ಪಗಿರಬೇಕು, ಮೈ ಒರಟಾಗಿರಬೇಕು. ನುಣುಪನ್ನು ಅಂಗೈಯೇ ವರ್ಷಗಳ ಮೇಲೆ ಕೊಡುತ್ತದೆ.

(ಈ) ಸೊಂಟದ ಹಿಂದೆ ಕತ್ತಿಕೊಕ್ಕೆ. ಕತ್ತಿ ಕೊಕ್ಕೆಯಲ್ಲಿ ಸಲೀಸಾಗಿ ಕೂರಬೇಕು, ನಡೆಯುವಾಗ ಮೀನಖಂಡಕ್ಕೆ ಬಡಿಯಬಾರದು. ಇದಕ್ಕೆ ದೊಡ್ಡ ಹೆಸರು ಇಡಲು ಹೊರಟೆ. ಬೇಡ ಅನ್ನಿಸಿತು.

5. ಕ್ಷೇತ್ರಕಾರ್ಯ

ಇಷ್ಟೂ ಮಾನದಂಡಗಳನ್ನು ತಲೆಯಲ್ಲಿಟ್ಟುಕೊಂಡು ಕೊಪ್ಪದ ಹತ್ತಿರದ ಒಂದು ಕುಲುಮೆಗೆ ಹೋದೆ. ಆಚಾರ್ರು ಮಾನದಂಡ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

“ಎಂಥ ಕಡಿಯಕ್ಕೆ ಮಾರಾಯ್ರೇ?”

ಹಳು ಸವರುವುದಕ್ಕೆ ಒಂದು ಬಾಯಿ, ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುವುದಕ್ಕೆ ಇನ್ನೊಂದು, ಗೂಟ ಚೂಪು ಮಾಡುವುದಕ್ಕೆ ಮತ್ತೊಂದು. ಅವರಿಗೆ ಬೇಕಾದ ವರ್ಗೀಕರಣ ಅಷ್ಟೇ. ನಾನು ತಡವರಿಸಿದೆ. ಆಮೇಲೆ ನಿಜ ಹೇಳಿದೆ: “ಅಡಿಕೆ ಮರ.”

ತಿದಿ ಒತ್ತುತ್ತಿದ್ದ ಕೈ ನಿಂತಿತು. “ಹಳದಿಯಾ?”

ಹಳದಿ ಎಲೆ ರೋಗ. ಈ ಮೂರು ತಾಲ್ಲೂಕುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಅಡಿಕೆ ಬೆಳೆಗಾರನಿಗೆ ಮೊದಲು ನೆನಪಾಗುವುದು ಶಾರದಾಂಬೆಯಲ್ಲ, ಇದು. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಅದನ್ನು ಮರದಿಂದ ಮರಕ್ಕೆ ಒಯ್ಯುವ ಒಂದು ಜಿಗಿಹುಳು. ಸೋಗೆಯ ತುದಿ ಮೊದಲು ಹಳದಿಯಾಗುತ್ತದೆ, ಕಾಯಿಯ ತಿರುಳು ಕಪ್ಪಾಗುತ್ತದೆ, ತಲೆ ಕಿರಿದಾಗುತ್ತದೆ, ಕಡೆಗೆ ತಲೆಯೇ ಉದುರಿ ಬರೀ ಕಂಬ ಉಳಿಯುತ್ತದೆ. ಗುಣಪಡಿಸುವ ಮದ್ದಿಲ್ಲ. ಜೀಪಿನಲ್ಲಿ ಬಂದವರು ಸೋಗೆಯ ಮಾದರಿ ಕೊಯ್ದುಕೊಂಡು ಹೋಗುತ್ತಾರೆ, ಮತ್ತೊಂದು ವರ್ಷ ಬೇರೆ ಜೀಪು ಬರುತ್ತದೆ. ನಮ್ಮ ತೋಟದ ಹೆಸರು ಎಷ್ಟು ಕೋಷ್ಟಕಗಳಲ್ಲಿ ಇದೆಯೋ, ಅಪ್ಪ ನೆಟ್ಟ ಸಾಲಿನಲ್ಲಿ ಅಷ್ಟು ಮರ ಉಳಿದಿಲ್ಲ.

ವಿದ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಇದೇ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಬೆನ್ನಟ್ಟಿ, ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿಕೊಟ್ಟ. ಇವತ್ತಿಗೂ ಮಳೆಗಾಲದ ಮುಂಚೆ ನಾವು ಹೊಡೆಯುವುದು ಅದನ್ನೇ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದರ ಹಿಂದೆಯೂ ಅವನಿದ್ದ. ಅವನು ಬರೆದದ್ದು ಮದ್ದಾಗಿ ನಮ್ಮ ಅಡಿಕೆಕೊನೆಗೆ ತಲುಪಿತು. ನನ್ನ ಸಿಟ್ಟು, ನಾವಿನ್ನೂ ಬದುಕಿರುವಾಗಲೇ ನಮ್ಮನ್ನು ‘ಸಂಸ್ಕೃತಿ’ ಎಂದು ಕರೆದು ಗಾಜಿನ ಪೆಟ್ಟಿಗೆಗೆ ಅಳತೆ ತೆಗೆಯುವವರ ಮೇಲೆ.

6. ಉಪಸಂಹಾರ

“ಸಾಯೋ ಮರ ಕಡಿಯಕ್ಕೆ ಹೊಸ ಕತ್ತಿ ಎಂಥಕ್ಕೆ? ಹಳೇದು ತನ್ನಿ, ಬಾಯಿ ಸರಿಮಾಡಿ ಕೊಡ್ತೆ” ಅಂದರು ಆಚಾರ್ರು. ಕೊಟ್ಟರು. ಒಳ್ಳೆಯ ಬಾಯಿ.

ಹೀಗಾಗಿ ಪ್ರಸ್ತುತ ಅಧ್ಯಯನದ ಫಲಿತಾಂಶ: ಆಯ್ಕೆ ನಡೆಯಲಿಲ್ಲ.

ಮುಂದಿನ ಸಂಕಿರಣದ ಆಹ್ವಾನ ಬಂದಿದೆ. ಪ್ರಬಂಧದ ಜೊತೆಗೆ, ವೇದಿಕೆಯಲ್ಲಿ ಪ್ರದರ್ಶಿಸಲು ಬಳಸಿದ ಹೆಗ್ಗತ್ತಿಯೊಂದನ್ನೂ ತರಬೇಕಂತೆ. ಪ್ರಬಂಧ ಕಳಿಸುತ್ತಿದ್ದೇನೆ. ಕತ್ತಿ ಕಳಿಸುವುದಿಲ್ಲ, ಕೆಳಗಿನ ಸಾಲು ಇನ್ನೂ ಬಾಕಿಯಿದೆ.